ಟಕ್ ಟಕ್ ಎಲ್ಲಿಂದ? ಪುಟ್ಟ ಕಾರಿನ ಕಾಲುನೋವಿಗೆ ಗ್ಯಾರೇಜಿನಿಂದ ಉತ್ತರ

ಕೊಡಗಿನ ಕೈಲ್‌ಪೊಳ್ದ್ ಹಬ್ಬ ಮುಗಿದು ಎರಡು ವಾರವಾಯಿತು. ಮಳೆ ಈಗಷ್ಟೇ ಉಸಿರು ಬಿಡಲು ಪುರುಸೊತ್ತು ಕೊಟ್ಟಿದೆ. ಗ್ಯಾರೇಜಿನ ಎದುರು ಕೆಸರು ಮೆತ್ತಿದ ಕಾರುಗಳ ಸಾಲು, ಮೇಜಿನ ಮೇಲೆ ನಿಮ್ಮ ಪತ್ರಗಳ ರಾಶಿ. ಎರಡರ ದೂರೂ ಒಂದೇ: ಕೆಳಗಿನಿಂದ ಶಬ್ದ ಬರುತ್ತಿದೆ. ಹಾಗಾಗಿ ಈ ಸಲ ಮೈಲೇಜು, ಎಸಿ, ಬ್ಯಾಟರಿಯ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕೆ ಇಟ್ಟಿದ್ದೇನೆ. ಸಸ್ಪೆನ್ಷನ್, ಅಂದರೆ ಚಕ್ರವನ್ನು ಹಿಡಿದು ಗುಂಡಿಯ ಏಟು ತಡೆಯುವ ಸ್ಪ್ರಿಂಗ್, ಶಾಕ್ ಇತ್ಯಾದಿಗಳ ಬಗ್ಗೆ ಮಾತ್ರ ಬರೆಯುತ್ತೇನೆ. ಬರೆದವರಲ್ಲಿ ಹೆಚ್ಚಿನವರ ಹತ್ತಿರ ಇರುವುದು ಚಿಕ್ಕ, ಚುರುಕು ಕಾರು. ತಿರುವು ಕಂಡರೆ ಕೊಡಗಿನವರ ಕಾಲು ತಾನಾಗಿ ಎಕ್ಸಿಲರೇಟರ್ ಮೇಲೆ ಹೋಗುತ್ತದೆ. ಬೈಯುವುದಿಲ್ಲ, ನನ್ನದೂ ಅದೇ ಕಾಯಿಲೆ.

ಪ್ರಶ್ನೆ: ನನ್ನದು 2018ರ ಸ್ವಿಫ್ಟ್. 62,000 ಕಿ.ಮೀ. ಓಡಿದೆ. ಕಾಲೇಜಿಗೆ ಹೋಗುವಾಗ ಸಣ್ಣ ಸಣ್ಣ ಗುಂಡಿಗಳಲ್ಲಿ ಮುಂದೆ ಎಡಗಡೆಯಿಂದ ‘ಟಕ್ ಟಕ್’ ಎಂದು ಕೇಳುತ್ತದೆ. ನಿಧಾನ ಹೋದರೆ ಜಾಸ್ತಿ. ದೊಡ್ಡ ಹಂಪ್ ಹತ್ತಿ ಇಳಿದರೆ ಏನೂ ಇಲ್ಲ! ಒಂದು ಕಡೆ ತೋರಿಸಿದೆ. ಎರಡೂ ಶಾಕಬ್ಸರ್ ಹೋಗಿವೆ, ಬದಲಾಯಿಸಿ ಎಂದರು. ಮಾಡಿಸಲಾ?
– ಉಪನ್ಯಾಸಕಿ, ಗೋಣಿಕೊಪ್ಪ

ಉತ್ತರ: ಸ್ವಲ್ಪ ತಡೆಯಿರಿ ಮೇಡಂ. ‘ಹಂಪ್ ಮೇಲೆ ಏನೂ ಇಲ್ಲ’ ಎಂದು ಬರೆದಿದ್ದೀರಲ್ಲ, ಅರ್ಧ ಉತ್ತರ ಅಲ್ಲೇ ಇದೆ.

ಮುಂದಿನ ಎರಡು ಚಕ್ರಗಳ ನಡುವೆ ಒಂದು ಬಾಗಿದ ಕಬ್ಬಿಣದ ಸರಳು ಇರುತ್ತದೆ. ಸ್ಟೆಬಿಲೈಸರ್ ರಾಡ್ ಎನ್ನುತ್ತೇವೆ. ತಿರುವಿನಲ್ಲಿ ಕಾರು ಒಂದು ಕಡೆಗೆ ವಾಲದ ಹಾಗೆ ಹಿಡಿಯುವುದು ಅದರ ಕೆಲಸ. ಅದರ ಎರಡು ತುದಿಗಳನ್ನು ಚಕ್ರದ ಕಡೆಗೆ ಸೇರಿಸುವುದು ಗೇಣುದ್ದದ ಎರಡು ಲಿಂಕ್ ರಾಡ್‌ಗಳು. ಹಂಪ್ ಮೇಲೆ ನೇರ ಹೋದರೆ ಎರಡೂ ಚಕ್ರ ಒಟ್ಟಿಗೆ ಏಳುತ್ತವೆ, ಒಟ್ಟಿಗೆ ಇಳಿಯುತ್ತವೆ. ಸರಳಿಗೆ ತಿರುಚುವ ಕೆಲಸವೇ ಇಲ್ಲ, ಲಿಂಕ್ ರಾಡ್ ಸುಮ್ನೆ ಇರುತ್ತದೆ. ಒಂದೇ ಚಕ್ರ ಗುಂಡಿಗೆ ಇಳಿದಾಗ ಮಾತ್ರ ಅದರ ಮೇಲೆ ಎಳೆತ ಬೀಳುತ್ತದೆ. ಅದರ ತುದಿಯ ಪುಟ್ಟ ಬಾಲ್ ಸವೆದು ಸಡಿಲವಾಗಿದ್ದರೆ ಆಗ ಟಕ್ ಎನ್ನುತ್ತದೆ. ನಿಮ್ಮ ಕಾರು ಹೇಳುತ್ತಿರುವುದೂ ಇದನ್ನೇ ಅಂತ ನನ್ನ ಅನುಮಾನ.

ಅನುಮಾನ ಸಾಕಾಗುವುದಿಲ್ಲ, ಅಲ್ವಾ? ಪರೀಕ್ಷೆ ಸುಲಭ. ಗ್ಯಾರೇಜಿನಲ್ಲಿ ಎರಡೂ ಲಿಂಕ್ ರಾಡ್ ಬಿಚ್ಚಿಸಿ, ತೂಗಾಡುವ ತುದಿಗಳನ್ನು ಏನಕ್ಕೂ ತಾಗದ ಹಾಗೆ ಕಟ್ಟಿಸಿ. ಅದೇ ಗುಂಡಿ ರಸ್ತೆಯಲ್ಲಿ 20ರ ವೇಗದಲ್ಲಿ ಒಂದು ಸುತ್ತು ಬರಲಿ. ಜೋರಾಗಿ ಬೇಡ, ತಿರುವಿನಲ್ಲಿ ಕಾರು ಜಾಸ್ತಿ ವಾಲುತ್ತದೆ. ಶಬ್ದ ನಿಂತರೆ ಕಳ್ಳ ಸಿಕ್ಕಿದ ಹಾಗೆ. ಎರಡು ಲಿಂಕ್ ರಾಡ್‌ಗೆ ಆಗುವ ಖರ್ಚನ್ನು ಎರಡು ಶಾಕ್‌ನ ಖರ್ಚಿನ ಪಕ್ಕ ಇಟ್ಟು ನೋಡಿದರೆ ನಿಮಗೆ ನಗು ಬರುತ್ತದೆ.

ಈ ಪಾಠ ನಾನು ಕಲಿತದ್ದು ನಾಚಿಕೆ ಪಟ್ಟುಕೊಂಡು. ಸ್ವಂತ ಗ್ಯಾರೇಜು ತೆರೆದ ಹೊಸತು. ಅಮ್ಮತ್ತಿಯ ಕಡೆಯ ಹಿರಿಯರೊಬ್ಬರು ಹಳೆಯ ಸ್ವಿಫ್ಟ್ ತಂದರು, ಇದೇ ಟಕ್ ಟಕ್. ನಾನು ಬಾನೆಟ್ ಒತ್ತಿ ನೋಡಿದೆ, ಗಂಭೀರವಾಗಿ ತಲೆ ಆಡಿಸಿದೆ, ಎರಡೂ ಶಾಕ್ ಹೊಸದು ಹಾಕಿದೆ. ಹಣ ಕೊಟ್ಟು ಹೊರಟವರು ಹಾತೂರಿನವರೆಗೂ ಹೋಗಲಿಲ್ಲ, ವಾಪಸ್ ಬಂದರು. “ಶಬ್ದವನ್ನು ನಿಮ್ಮಲ್ಲೇ ಬಿಟ್ಟು ಹೋಗುವಾ ಅಂತ ಇದ್ದೆ. ಅದೂ ಕಾರಿನಲ್ಲೇ ಕೂತಿದೆ ಮಾರಾಯ್ರೆ” ಎಂದರು. ಬೈದಿದ್ದರೆ ಪರವಾಗಿಲ್ಲ ಅನ್ನಿಸುತ್ತಿತ್ತು. ಲಿಂಕ್ ರಾಡ್ ಹಾಕಿ ಕೊಟ್ಟೆ. ಶಾಕ್‌ನ ಮಜೂರಿ ವಾಪಸ್ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಈಗಲೂ ಬರುವಾಗ ಒಂದು ಚೀಲ ಕಿತ್ತಳೆ ತರುತ್ತಾರೆ. ನನಗೆ ಅದನ್ನು ಸುಲಿಯುವಾಗೆಲ್ಲ ಆ ಬಿಲ್ ನೆನಪಾಗುತ್ತದೆ.

ಹಾಗಾದರೆ ಶಾಕ್ ಹೋಗಿದೆ ಎಂದು ತಿಳಿಯುವುದು ಹೇಗೆ? ಮೈಮೇಲೆ ಎಣ್ಣೆ ಧಾರಾಳವಾಗಿ ಇಳಿದಿರಬೇಕು. ತುದಿಯಲ್ಲಿ ತೆಳ್ಳಗೆ ಎಣ್ಣೆ ಪಸೆ ಮಾತ್ರ ಇದ್ದರೆ ಹೆದರಬೇಡಿ. ಗುಂಡಿ ದಾಟಿದ ಮೇಲೂ ಕಾರು ಎರಡು ಮೂರು ಸಲ ತೂಗಬೇಕು. ಟಯರ್ ಮೇಲೆ ಕೈ ಆಡಿಸಿದರೆ ಅಲ್ಲಲ್ಲಿ ತಗ್ಗು, ಅಲ್ಲಲ್ಲಿ ಉಬ್ಬು ಸಿಗಬೇಕು. ಇದ್ಯಾವುದೂ ಇಲ್ಲದೆ ಶಬ್ದ ಕೇಳಿದ್ದೇ ಶಾಕ್ ಬದಲಿಸಿ ಎಂದರೆ, ಯಾವ ಶಾಕ್, ಎಲ್ಲಿ ಸೋರಿದೆ, ತೋರಿಸಿ ಎಂದು ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ. ನೀವು ಪಾಠ ಮಾಡುವವರು, ಪ್ರಶ್ನೆ ಕೇಳುವುದು ನಿಮಗೆ ಹೊಸದಲ್ಲ.

ಪ್ರಶ್ನೆ: 2014ರ ಪೋಲೊ ಜಿಟಿ ಟಿಎಸ್ಐ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದೇನೆ. ಎರಡು ಸಮಸ್ಯೆ. ನಿಂತಲ್ಲೇ ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ‘ಟೊಂಯ್ಞ್’ ಎಂದು ತಂತಿ ಮೀಟಿದ ಶಬ್ದ. ಇನ್ನೊಂದು, ಲೋವರ್ ಆರ್ಮ್ ಬುಷ್ ಎರಡು ವರ್ಷದಲ್ಲಿ ಎರಡು ಸಲ ಹಾಕಿಸಿದೆ, ಈಗ ಮತ್ತೆ ಹರಿದಿದೆಯಂತೆ. ಒಳ್ಳೆಯ ಪಾರ್ಟೇ ಹಾಕಿಸಿದ್ದು. ನಮ್ಮ ರಸ್ತೆಗೆ ಈ ಕಾರೇ ಆಗುವುದಿಲ್ಲವಾ?
– ಓದುಗ, ಮಡಿಕೇರಿ

ಉತ್ತರ: ಕಾರನ್ನು ಬೈಯಬೇಡಿ. ರಸ್ತೆಯನ್ನು ಬೇಕಾದರೆ ಬೈಯಿರಿ, ನಾನೂ ಸೇರಿಕೊಳ್ಳುತ್ತೇನೆ.

ಮೊದಲು ತಂತಿಯ ಶಬ್ದ. ಈ ಪುಟ್ಟ ಕಾರುಗಳ ಮುಂದೆ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಅರ್ಲ್ ಮ್ಯಾಕ್‌ಫರ್ಸನ್ ಎಂಬ ಅಮೆರಿಕದ ಇಂಜಿನಿಯರ್ 1940ರ ದಶಕದಲ್ಲಿ ರೂಪಿಸಿದ್ದು. ಸ್ಪ್ರಿಂಗ್ ಮತ್ತು ಶಾಕ್ ಎರಡೂ ಒಂದೇ ಕಂಬದಲ್ಲಿ ಕೂತಿರುತ್ತವೆ. ಸ್ಟೇರಿಂಗ್ ತಿರುಗಿಸಿದರೆ ಕಂಬವೇ ತಿರುಗುತ್ತದೆ. ಅದು ಸಲೀಸಾಗಿ ತಿರುಗಲಿ ಎಂದು ತಲೆಯಲ್ಲಿ ಒಂದು ಬೇರಿಂಗ್, ಅದರ ಮೇಲೆ ರಬ್ಬರ್ ಮೌಂಟ್. ಬೇರಿಂಗ್‌ಗೆ ನೀರು, ಮಣ್ಣು ಸೇರಿ ಹಿಡಿದುಕೊಂಡಿತು ಅಂದುಕೊಳ್ಳಿ. ಸ್ಪ್ರಿಂಗ್ ತಿರುಗಲಾಗದೆ ಸ್ವಲ್ಪ ತಿರುಚಿಕೊಂಡು, ತಡೆಯಲಾಗದೆ ಒಮ್ಮೆಗೇ ಬಿಡಿಸಿಕೊಳ್ಳುತ್ತದೆ. ಅದೇ ಟೊಂಯ್ಞ್. ಒಬ್ಬರು ಸ್ಟೇರಿಂಗ್ ತಿರುಗಿಸುವಾಗ ಇನ್ನೊಬ್ಬರು ಸ್ಪ್ರಿಂಗ್ ಅನ್ನು ಹೊರಗಿನಿಂದ ಮುಟ್ಟಿ ನೋಡಿ, ಕೈಗೆ ಆ ಜಿಗಿತ ಗೊತ್ತಾಗುತ್ತದೆ. ಸುರುಳಿಗಳ ನಡುವೆ ಬೆರಳು ತೂರಿಸಬೇಡಿ. ಬೆರಳಿಗೆ ಡ್ಯೂಪ್ಲಿಕೇಟೂ ಸಿಗುವುದಿಲ್ಲ.

ಬೇರಿಂಗ್ ಹಾಕಲು ಸ್ಟ್ರಟ್ ಹೊರಗೆ ಬರಬೇಕು. ಆಗ ಬೇರಿಂಗ್ ಜೊತೆ ಮೌಂಟ್, ಬಂಪ್ ಸ್ಟಾಪ್ (ಶಾಕ್ ಪೂರ್ತಿ ಒಳಗೆ ಹೋದಾಗ ಏಟು ತಡೆಯುವ ರಬ್ಬರ್), ಧೂಳಿನ ಕವರ್ ಎಲ್ಲ ಒಂದೇ ಸಲ ಹಾಕಿಸಿ. ಕೂಲಿ ಒಂದೇ. ಅದರಲ್ಲೂ ಆ ಧೂಳಿನ ಕವರ್! ಜುಜುಬಿ ವಸ್ತು ಎಂದು ಹರಿದದ್ದನ್ನೇ ವಾಪಸ್ ಹಾಕುವವರಿದ್ದಾರೆ. ನಮ್ಮ ಕೆಂಪು ಮಣ್ಣು ಶಾಕ್‌ನ ಹೊಳೆಯುವ ರಾಡ್ ಮೇಲೆ ಕೂತರೆ ಅರದ ಹಾಗೆ ಸೀಲನ್ನು ಉಜ್ಜುತ್ತದೆ. ಮುಂದಿನ ಮಳೆಗಾಲಕ್ಕೆ ಶಾಕ್ ಸೋರುತ್ತದೆ.

ಒಂದು ಎಚ್ಚರಿಕೆ. ಸ್ವಿಫ್ಟ್ ತರಹದ ಕಾರಿನಲ್ಲಿ ಸ್ಟ್ರಟ್‌ನ ಬುಡ ಎರಡು ಬೋಲ್ಟ್‌ನಲ್ಲಿ ನಿಂತಿರುತ್ತದೆ. ನಿಮ್ಮ ಪೋಲೊದಲ್ಲಿ ಹಾಗಲ್ಲ, ಅದು ಒಂದು ಸೀಳಿದ ಬಳೆಯೊಳಗೆ ಇಳಿದು ಕೂತಿದೆ. ಬಳೆಯನ್ನು ಅಗಲಿಸಲು ಬೇರೆ ಟೂಲ್ ಬರುತ್ತದೆ. ಉಳಿ, ಸುತ್ತಿಗೆ ಹಿಡಿದು ಬಂದವರಿಗೆ ಕೈ ಮುಗಿದು ಕಾರು ವಾಪಸ್ ತನ್ನಿ.

ಇನ್ನು ಬುಷ್. ಈ ತಿಂಗಳ ಪತ್ರಗಳಲ್ಲಿ ನನಗೆ ತುಂಬ ಇಷ್ಟವಾದ ಪ್ರಶ್ನೆ ಇದು. ಯಾಕೆಂದರೆ ಉತ್ತರ ಪಾರ್ಟ್‌ನಲ್ಲಿಲ್ಲ, ಪಾನದಲ್ಲಿದೆ, ಅಂದರೆ ಬೋಲ್ಟ್ ಬಿಗಿ ಮಾಡುವ ಸ್ಪ್ಯಾನರಿನಲ್ಲಿ.

ಲೋವರ್ ಆರ್ಮ್ ಎಂದರೆ ಚಕ್ರವನ್ನು ಕಾರಿನ ಅಡಿಗೆ ಸೇರಿಸುವ ತೋಳು, ಬುಷ್ ಅದರ ಕೀಲು. ಬುಷ್ ಎಂದರೆ ಏನು? ಹೊರಗೊಂದು ಕಬ್ಬಿಣದ ಬಳೆ, ಒಳಗೊಂದು ಕಬ್ಬಿಣದ ಕೊಳವೆ, ನಡುವೆ ಎರಡಕ್ಕೂ ಅಂಟಿಕೊಂಡ ರಬ್ಬರ್. ಕೊಳವೆಯೊಳಗೆ ಬೋಲ್ಟ್ ತೂರಿಸಿ ಬಿಗಿ ಮಾಡಿದ ಮೇಲೆ ಕೊಳವೆ ಅಲ್ಲಾಡುವುದಿಲ್ಲ. ಚಕ್ರ ಏರಿಳಿದಾಗ ಆರ್ಮ್ ಆಡುತ್ತದಲ್ಲ, ಆ ಆಟವನ್ನೆಲ್ಲ ರಬ್ಬರ್ ತಿರುಚಿಕೊಂಡೇ ತಡೆಯಬೇಕು. ಈಗ ಕಾರನ್ನು ಮೇಲೆ ಎತ್ತಿದ್ದಾರೆ, ಚಕ್ರ ಜೋತು ಬಿದ್ದಿದೆ, ಆರ್ಮ್ ಕೆಳಮುಖವಾಗಿದೆ. ಹುಡುಗ ಅಲ್ಲೇ ಬೋಲ್ಟ್ ಬಿಗಿ ಮಾಡುತ್ತಾನೆ. ಕಾರು ಇಳಿಸಿದ ಕೂಡಲೇ ಆರ್ಮ್ ಮೇಲೆ ಬರುತ್ತದೆ. ರಬ್ಬರ್ ನಿಂತಲ್ಲೇ ತಿರುಚಿಕೊಂಡಿತು! ಗುಂಡಿಗೆ ಬಿದ್ದರೆ ಇನ್ನೂ ತಿರುಚಿಕೊಳ್ಳುತ್ತದೆ. ರಾತ್ರಿ ನೀವು ಮಲಗಿದ್ದರೂ ಅದಕ್ಕೆ ವಿಶ್ರಾಂತಿ ಇಲ್ಲ. ಎಂಥ ಒಳ್ಳೆಯ ಪಾರ್ಟಾದರೂ ಬೇಗ ಹರಿಯುತ್ತದೆ.

ಸರಿಯಾದ ರೀತಿ ಇದು. ಬೋಲ್ಟ್ ಕೈಬಿಗಿ ಮಾತ್ರ ಮಾಡಿ, ಕಾರಿನ ಭಾರ ಚಕ್ರದ ಮೇಲೆ ಬೀಳುವ ಹಾಗೆ ಇಳಿಸಬೇಕು. ಒಂದೆರಡು ಸಲ ಒತ್ತಿ ಕೂರಿಸಬೇಕು. ಕೊನೆಯ ಬಿಗಿ ಆಮೇಲೆ, ಎಷ್ಟು ಬಿಗಿ ಎಂದು ಅಳೆದು ತೋರಿಸುವ ಟಾರ್ಕ್ ಪಾನದಲ್ಲಿ. ನಾನು ಕೆಲಸ ಕಲಿತ ಉಸ್ತಾದ್ ಇದಕ್ಕೆಂದೇ ಎರಡು ಮರದ ದಿಮ್ಮಿ ಇಟ್ಟಿದ್ದರು. ಕಾರನ್ನು ಅದರ ಮೇಲೆ ಹತ್ತಿಸಿ, ಕೆಳಗೆ ರಟ್ಟು ಹಾಸಿ ಮಲಗಿ ಬಿಗಿ ಮಾಡುತ್ತಿದ್ದರು. “ನಿಂತ ಕಾರಿಗೆ ಬಿಗಿ, ತೂಗಿದ ಕಾರಿಗೆ ಬಿಚ್ಚು” ಅವರ ಬಾಯಿಪಾಠ. ಅವರಿಗೆ ಓದು ಬರಹ ಅಷ್ಟಾಗಿ ಬರುತ್ತಿರಲಿಲ್ಲ. ಮೂರನೇ ಸಲ ಬುಷ್ ಹಾಕಿಸುವ ಮೊದಲು ನಿಮ್ಮ ಮೆಕ್ಯಾನಿಕ್‌ಗೆ ಇದೊಂದು ಮಾತು ಕೇಳಿ. “ಎಲ್ಲ ಒಂದೇ ಸಾರ್” ಎಂದರೆ ಬೇರೆ ಕಡೆ ಹೋಗಿ.

ಪೋಲೊ ನಮ್ಮಲ್ಲಿ 2022ರಲ್ಲಿ ನಿಂತಿತು, ಪಾರ್ಟ್ಸ್ ಸಿಗುತ್ತದಾ ಎಂದೂ ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಸಿಗುತ್ತದೆ. ವೆಂಟೊ ಮತ್ತು ಹಳೆಯ ರ‍್ಯಾಪಿಡ್ ಇದೇ ಮನೆಯ ಅಣ್ಣ ತಮ್ಮಂದಿರು, ಕೆಳಗಿನ ಎಷ್ಟೋ ಭಾಗಗಳು ಅವಕ್ಕೂ ಇದಕ್ಕೂ ಒಂದೇ. ಅಂಗಡಿಯಲ್ಲಿ ಕಾರಿನ ಹೆಸರು ಹೇಳಬೇಡಿ, ಪಾರ್ಟ್ ನಂಬರ್ ಹೇಳಿ.

ಪ್ರಶ್ನೆ: ಮಗ ಬೆಂಗಳೂರಿಗೆ ಹೋದ ಮೇಲೆ ಅವನ ಐ20 ಎನ್ ಲೈನ್ ನನ್ನ ಕೈಗೆ ಬಂದಿದೆ. ಜೀಪು ಕೆಟ್ಟಾಗ ಕಾಫಿ ಚೀಲವನ್ನೂ ಇದರಲ್ಲೇ ಸಾಗಿಸಿದ್ದುಂಟು. ಹಿಂದೆ ಕೂತುಬಿಡುತ್ತದೆ. ಸ್ಪ್ರಿಂಗ್ ಸುರುಳಿಗಳ ನಡುವೆ ಇಡುವ ರಬ್ಬರ್ ಸಿಗುತ್ತದಲ್ಲ, ಹಾಕಿಸಲಾ? ತೋಟದ ರಸ್ತೆಯಲ್ಲಿ ಅಡಿ ತಾಗುವುದೂ ತಪ್ಪೀತು.
– ಬೆಳೆಗಾರರು, ಸೋಮವಾರಪೇಟೆ

ಉತ್ತರ: ಮಗನಿಗೆ ಈ ವಿಷಯ ಗೊತ್ತಾ ಸಾರ್? ಗೊತ್ತಿಲ್ಲದಿದ್ದರೆ ಅವನು ಈ ಪತ್ರಿಕೆ ಓದದಿರಲಿ.

ಎಷ್ಟು ಚೀಲ ಎಂದು ನೀವು ಬರೆದಿಲ್ಲ. ನಾಲ್ಕು ಎಂದಿಟ್ಟುಕೊಳ್ಳೋಣ. 50 ಕಿಲೋದ ನಾಲ್ಕು ಚೀಲ ಎಂದರೆ 200 ಕಿಲೋ. ಮೂರು ಜನರ ತೂಕ. ಆದರೆ ಜನ ಕೂರುವುದು ಹಿಂದಿನ ಚಕ್ರಕ್ಕಿಂತ ಮುಂದೆ. ಡಿಕ್ಕಿಯ ಚೀಲ ಕೂರುವುದು ಚಕ್ರದ ಮೇಲೆ, ಅದರ ಹಿಂದೆ. ತಕ್ಕಡಿಯ ಒಂದು ತಟ್ಟೆ ಇಳಿದರೆ ಇನ್ನೊಂದು ಏಳುತ್ತದೆ. ಮುಂದಿನ ಚಕ್ರದ ಮೇಲೆ ಭಾರ ಕಡಿಮೆ ಆಗಿ ಒದ್ದೆ ಇಳಿಜಾರಿನಲ್ಲಿ ಸ್ಟೇರಿಂಗ್ ತೇಲಿದ ಹಾಗೆ ಆಗುತ್ತದೆ. ಹೆಡ್‌ಲೈಟ್ ಮರದ ತುದಿಗೆ ಬೆಳಕು ಬಿಡುತ್ತದೆ. ಎದುರಿನವನು ನಿಮ್ಮನ್ನು ಶಪಿಸುತ್ತಾನೆ.

ಆ ರಬ್ಬರ್ ಬೇಡ. ಸ್ಪ್ರಿಂಗ್ ಕೆಲಸ ಮಾಡುವುದು ಇಡೀ ಉದ್ದಕ್ಕೂ ಸಮವಾಗಿ ತಿರುಚಿಕೊಂಡು. ನಡುವೆ ಒಂದು ಸುರುಳಿಯನ್ನು ರಬ್ಬರ್ ಇಟ್ಟು ಕಟ್ಟಿಹಾಕಿದರೆ ಅದು ತಿರುಚಿಕೊಳ್ಳಬೇಕಾದ ಪಾಲೂ ಉಳಿದ ಸುರುಳಿಗಳ ಮೇಲೆ ಬೀಳುತ್ತದೆ. ಸ್ಪ್ರಿಂಗ್ ಗಟ್ಟಿಯಾಯಿತು, ಶಾಕ್ ಮಾತ್ರ ಹಳೆಯದೇ. ಗುಂಡಿಯಿಂದ ಎದ್ದು ಬರುವಾಗ ಗಟ್ಟಿ ಸ್ಪ್ರಿಂಗ್ ಒದೆಯುವುದನ್ನು ತಡೆಯಲು ಅದಕ್ಕೆ ಶಕ್ತಿ ಸಾಲದು. ಖಾಲಿ ಕಾರಿನಲ್ಲಿ ಕುಪ್ಪಳಿಸುತ್ತೀರಿ. ಸಾಲದ್ದಕ್ಕೆ ರಬ್ಬರಿನ ಅಂಚಿನಲ್ಲಿ ಕೆಸರು ನಿಂತು, ಬಣ್ಣ ಉಜ್ಜಿ ಹೋಗಿ, ತುಕ್ಕು ಶುರುವಾಗುತ್ತದೆ. ಸ್ಪ್ರಿಂಗ್ ಮುರಿಯುವುದಕ್ಕೆ ಅಷ್ಟು ಗಾಯ ಸಾಕು. ಎನ್ ಲೈನ್ ಮೊದಲೇ ಮಾಮೂಲಿ ಐ20ಗಿಂತ ಗಟ್ಟಿ ಸೆಟಪ್‌ನ ಕಾರು. ಇದಕ್ಕೆ ಇನ್ನೂ ಗಟ್ಟಿ ಬೇಡ.

ಚೀಲ ಸಾಗಿಸಲೇಬೇಕೆಂದರೆ ಹಿಂದಿನ ಸೀಟು ಮಡಚಿ, ಚೀಲಗಳನ್ನು ಮುಂದಿನ ಸೀಟಿನ ಬೆನ್ನಿಗೆ ತಾಗಿಸಿ, ಎರಡೇ ಚೀಲ ಇಡಿ, ಎರಡು ಟ್ರಿಪ್ ಹೊಡೆಯಿರಿ. ಹಿಂದಿನ ಟಯರಿಗೆ ಬಾಗಿಲ ಹತ್ತಿರದ ಚೀಟಿಯಲ್ಲಿ ಬರೆದ ಪೂರ್ಣ ಭಾರದ ಗಾಳಿ ಹಾಕಿಸಿ, ಚೀಲ ಇಳಿಸಿದ ಮೇಲೆ ಮತ್ತೆ ಕಡಿಮೆ ಮಾಡಿ. ಇಲ್ಲವಾದರೆ ಜೀಪು ರಿಪೇರಿ ಮಾಡಿಸಿ ಸಾರ್, ಅದೇ ಅಗ್ಗ.

ಪ್ರಶ್ನೆ: ಅಣ್ಣಾ, ನನ್ನ ಹಳೆಯ ಸ್ವಿಫ್ಟ್‌ನ ಸ್ಪ್ರಿಂಗ್‌ನಲ್ಲಿ ಒಂದೂವರೆ ಸುತ್ತು ಕಟ್ ಮಾಡಿಸಿ ಕಾರು ತಗ್ಗಿಸಬೇಕು ಅಂತ ಆಸೆ. ರೇಸ್ ಕಾರಿನ ಹಾಗೆ ಕಾರ್ನರಿಂಗ್ ಸಿಗುತ್ತೆ ಅಂತಾರೆ. ಹೌದಾ?
– ಡಿಪ್ಲೊಮಾ ವಿದ್ಯಾರ್ಥಿ, ಕುಶಾಲನಗರ

ಉತ್ತರ: ತಮ್ಮಾ, ನಮ್ಮ ಕಡೆ ಮಳೆಗಾಲದಲ್ಲಿ ಗದ್ದೆಯಲ್ಲಿ ಕಾರು ಓಡಿಸುತ್ತಾರಲ್ಲ, ಅಲ್ಲಿಗೆ ಹೋಗು. ಗೆಲ್ಲುವ ಕಾರಿನ ಪಕ್ಕ ಬಗ್ಗಿ ನೋಡು. ತಗ್ಗಾಗಿದೆಯಾ? ಇಲ್ಲ. ಮಣ್ಣಿನ ರ‍್ಯಾಲಿಯ ಕಾರುಗಳು ಎತ್ತರವಾಗಿಯೇ ಇರುತ್ತವೆ. ಚಕ್ರ ಏರಿಳಿಯಲು ಜಾಗ ಬೇಕು, ಚಕ್ರ ನೆಲ ಬಿಡಬಾರದು. ನೆಲ ಕಚ್ಚಿದ ಕಾರು ನೀನು ಫೋಟೊದಲ್ಲಿ ನೋಡಿದ್ದು ಕನ್ನಡಿಯಂಥ ಟ್ರ್ಯಾಕ್ ಮೇಲೆ. ಕುಶಾಲನಗರದಿಂದ ಮಡಿಕೇರಿಗೆ ಕನ್ನಡಿ ಎಲ್ಲಿದೆ ಹೇಳು?

ಕಟ್ ಮಾಡಿದರೆ ಏನಾಗುತ್ತದೆ ಕೇಳು. ಸುತ್ತು ಕಡಿಮೆ ಆದಷ್ಟೂ ಸ್ಪ್ರಿಂಗ್ ಗಟ್ಟಿಯಾಗುತ್ತದೆ, ಅದು ನಿಜ. ಆದರೆ ಶಾಕ್ ಮೊದಲೇ ಅರ್ಧ ಒಳಗೆ ಹೋಗಿ ಕೂತಿರುತ್ತದೆ. ಸಣ್ಣ ಗುಂಡಿಗೂ ಬಂಪ್ ಸ್ಟಾಪ್‌ಗೆ ಹೊಡೆಯುತ್ತದೆ. ತಿರುವಿನ ನಡುವೆ ಹಾಗೆ ಹೊಡೆದರೆ ಆ ಚಕ್ರದ ಹಿಡಿತ ಒಮ್ಮೆಗೇ ತಪ್ಪುತ್ತದೆ. ಇನ್ನೊಂದು ಕಡೆ, ಚಕ್ರ ಪೂರ್ತಿ ಜೋತು ಬಿದ್ದಾಗ ಗಿಡ್ಡ ಸ್ಪ್ರಿಂಗ್ ತನ್ನ ಬಟ್ಟಲಿನಿಂದ ಸಡಿಲವಾಗುತ್ತದೆ. ವಾಪಸ್ ಕೂರುವಾಗ ಜಾಗ ತಪ್ಪಿತು ಅಂದರೆ? ಸುಂಟಿಕೊಪ್ಪ ದಾಟಿದ ಮೇಲಿನ ಯಾವ ತಿರುವಿನಲ್ಲಿ ಅದು ಆಗಲಿ ಅಂತ ಇದ್ದೀಯಾ?

ಗ್ರೈಂಡರ್‌ನಲ್ಲಿ ಕತ್ತರಿಸುವಾಗ ಏಳುವ ಬಿಸಿಗೆ ಆ ಜಾಗದ ಉಕ್ಕಿನ ಹದವೂ ಕೆಡುತ್ತದೆ. ಕಾನೂನಿನ ಮಾತೂ ಇದೆ. ತಯಾರಕರು ಕೊಟ್ಟ ಮೂಲ ವಿವರ ಬದಲಾಗುವ ಹಾಗೆ ವಾಹನವನ್ನು ಮಾರ್ಪಾಡು ಮಾಡಬಾರದು ಎಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ.

ನಿಜವಾಗಿ ಕಾರ್ನರಿಂಗ್ ಬೇಕಾ? ನಿನ್ನ ಹಳೆಯ ಸ್ವಿಫ್ಟ್‌ಗೆ ಹೊಸ ಶಾಕ್ ನಾಲ್ಕು, ಲೋವರ್ ಆರ್ಮ್ ಬುಷ್, ಒಳ್ಳೆಯ ಟಯರ್, ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಹೊಂದಿಸುವುದು) ಮಾಡಿಸು. ಆಮೇಲೆ ಓಡಿಸಿ ನೋಡಿ ನನಗೆ ಬರಿ. ಹೊಸದಿದ್ದಾಗ ಆ ಕಾರು ಹೇಗೆ ತಿರುಗುತ್ತಿತ್ತು ಎಂದು ನಿನಗೆ ಗೊತ್ತೇ ಇಲ್ಲ, ನೀನು ತೆಗೆದುಕೊಳ್ಳುವಾಗಲೇ ಅದು ಮುದಿಯಾಗಿತ್ತು.

ಪ್ರಶ್ನೆ: ನನ್ನ ಫಿಗೊ ಮಾಕುಟ್ಟ ಘಾಟಿ ಇಳಿಯುವಾಗ ಬ್ರೇಕ್ ಒತ್ತಿದರೆ ಎಡಕ್ಕೆ ಎಳೆಯುತ್ತದೆ. ಮುಂದಿನ ಎರಡೂ ಟಯರ್ ಒಳ ಅಂಚಿನಲ್ಲಿ ಸವೆದಿದೆ. ನಾಲ್ಕು ತಿಂಗಳಲ್ಲಿ ಎರಡು ಸಲ ಅಲೈನ್‌ಮೆಂಟ್ ಮಾಡಿಸಿದೆ, ನಿಲ್ಲುವುದಿಲ್ಲ.
– ಗೃಹಿಣಿ, ವಿರಾಜಪೇಟೆ

ಉತ್ತರ: ಅಕ್ಕಾ, ಈ ಪತ್ರ ಓದಿ ನನಗೆ ಗಾಬರಿಯಾಯಿತು. ಘಾಟಿಗೆ ಸದ್ಯ ಈ ಕಾರು ತೆಗೆದುಕೊಂಡು ಹೋಗಬೇಡಿ.

ಅಲುಗಾಡುವ ಕಾಲಿನ ಮೇಜಿಗೆ ಎಷ್ಟು ಸಲ ಮಟ್ಟ ಹಿಡಿದರೂ ಅಷ್ಟೇ. ಬುಷ್ ಅಥವಾ ಬಾಲ್ ಜಾಯಿಂಟ್ (ಲೋವರ್ ಆರ್ಮ್‌ನ ತುದಿಯನ್ನು ಚಕ್ರದ ಕಡೆಗೆ ಸೇರಿಸುವ ಗುಂಡು ಕೀಲು) ಸಡಿಲ ಇದ್ದರೆ ಅಲೈನ್‌ಮೆಂಟ್ ಕಂಪ್ಯೂಟರ್ ತೋರಿಸುವುದು ಆ ಕ್ಷಣದ ಲೆಕ್ಕ ಮಾತ್ರ. ಬ್ರೇಕ್ ಒತ್ತಿದಾಗ ಚಕ್ರ ಹಿಂದಕ್ಕೆ ಸರಿಯುತ್ತದೆ, ಮುಖ ತಿರುಗುತ್ತದೆ, ಕಾರು ಎಳೆಯುತ್ತದೆ. ಟಯರಿನ ಒಳ ಅಂಚು ಸವೆಯುವುದೂ ಅದರಿಂದಲೇ ಇರಬಹುದು.

ಮೊದಲು ನೋಡಿಸಬೇಕಾದ್ದು ಬಾಲ್ ಜಾಯಿಂಟ್. ಅದು ಕಳಚಿದರೆ ಚಕ್ರ ಮಡಚಿಕೊಂಡು ಕಾರು ಅಲ್ಲೇ ಕೂರುತ್ತದೆ, ಸ್ಟೇರಿಂಗ್ ಕೈಯಲ್ಲಿದ್ದರೂ ಪ್ರಯೋಜನ ಇಲ್ಲ. ಕಾರು ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ (ಬರೀ ಜಾಕಿ ಮೇಲೆ ಬೇಡವೇ ಬೇಡ), ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಆಟ ಗೊತ್ತಾಗುತ್ತದೆ. ಬಾಲ್ ಜಾಯಿಂಟ್ ಅಥವಾ ಚಕ್ರದ ಬೇರಿಂಗ್. ಎಡ ಬಲ ಹಿಡಿದು ಅಲ್ಲಾಡಿಸಿದರೆ ಆಟ ಬಂತೋ, ಅದು ಟೈ ರಾಡ್ ಕಡೆಯದು, ಅಂದರೆ ಸ್ಟೇರಿಂಗ್ ಕಡೆಯಿಂದ ಚಕ್ರಕ್ಕೆ ಬರುವ ಸರಳಿನದು. ಬುಷ್‌ಗೆ ಸಬ್ಬಲ್ ತರಹದ ಸರಳು ಕೊಟ್ಟು ಮೀಟಿ ನೋಡಬೇಕು. ಇವು ಮೂರೂ ಗಟ್ಟಿ ಇದ್ದರೆ ಬ್ರೇಕ್ ಕ್ಯಾಲಿಪರ್ (ಬ್ರೇಕ್ ಪ್ಯಾಡ್‌ಗಳನ್ನು ಒತ್ತುವ ಭಾಗ) ಹಿಡಿದುಕೊಂಡಿರಬಹುದು. ಒಂದಷ್ಟು ದೂರ ಓಡಿಸಿ ನಿಲ್ಲಿಸಿ, ಚಕ್ರದ ಹತ್ತಿರ ಕೈ ತನ್ನಿ, ಮುಟ್ಟಬೇಡಿ. ಒಂದು ಚಕ್ರ ಮಾತ್ರ ಒಲೆಯ ಹಾಗೆ ಕಾಯುತ್ತಿದ್ದರೆ ಅದೇ. ಕಾರು ಮಳೆಯಲ್ಲಿ ವಾರಗಟ್ಟಲೆ ನಿಂತಿದ್ದರೆ ಹೀಗಾಗುವುದು ಮಾಮೂಲಿ.

ಎಲ್ಲ ರಿಪೇರಿ ಆದ ಮೇಲೆ ಅಲೈನ್‌ಮೆಂಟ್. ಮೂರನೇ ಸಲದ್ದು ನಿಲ್ಲುತ್ತದೆ.

ಪ್ರಶ್ನೆ: ಹಳೆಯ ಶಾಕ್ ಬಿಚ್ಚಿ ಎಣ್ಣೆ ತುಂಬಿ ಕೊಡುತ್ತಾರಂತೆ. ಹೊಸದರ ಅರ್ಧ ಬೆಲೆಗೂ ಕಡಿಮೆ. ಆಗಬಹುದಾ?
– ಕುಟ್ಟ

ಉತ್ತರ: ಬೇಡ. ಒಳಗಿದ್ದ ಗ್ಯಾಸ್ ಹೋಗಿರುತ್ತದೆ, ವಾಲ್ವ್ ಸವೆದದ್ದು ಸವೆದೇ ಇರುತ್ತದೆ. ಬರೀ ದಪ್ಪ ಎಣ್ಣೆ ಹುಯ್ದು ಗಟ್ಟಿ ಮಾಡಿ ಕೊಡುತ್ತಾರೆ. ತಿಂಗಳೆರಡು ತಿಂಗಳು ಖುಷಿ. ಹೊಸದನ್ನೇ ಹಾಕಿ, ಹಾಕಿದರೆ ಎಡ ಬಲ ಜೋಡಿಯಾಗಿ ಹಾಕಿ.

ಪ್ರಶ್ನೆ: ಐ20 ಎನ್ ಲೈನ್‌ಗೆ 17 ಇಂಚಿನ ಅಲಾಯ್ ಹಾಕಬೇಕೆಂದಿದ್ದೇನೆ. 205/45 ಟಯರ್. ಸಸ್ಪೆನ್ಷನ್‌ಗೆ ತೊಂದರೆಯಾ?
– ಸಿದ್ದಾಪುರ

ಉತ್ತರ: ಲೆಕ್ಕ ನೀವೇ ಮಾಡಿ. ಕಂಪನಿ ಕೊಟ್ಟದ್ದು 195/55, 16 ಇಂಚು. 195ರಲ್ಲಿ ನೂರಕ್ಕೆ 55 ಎಂದರೆ ಟಯರಿನ ಗೋಡೆ ಸುಮಾರು 107 ಮಿ.ಮೀ. ನೀವು ಹೇಳಿದ್ದರಲ್ಲಿ 205ಕ್ಕೆ 45, ಸುಮಾರು 92. ಚಕ್ರದ ಒಟ್ಟು ಎತ್ತರ ಹೆಚ್ಚು ಕಡಿಮೆ ಅಷ್ಟೇ, ರಬ್ಬರ್ ಹೋದ ಜಾಗಕ್ಕೆ ಲೋಹ ಬಂತು. ಗುಂಡಿಯ ಮೊದಲ ಏಟು ತಿನ್ನುವುದು ಟಯರಿನ ಗೋಡೆ. ಅದರಲ್ಲಿ 15 ಮಿ.ಮೀ. ಕಿತ್ತುಕೊಂಡರೆ ಏಟು ಅಲಾಯ್‌ಗೆ, ಅಲ್ಲಿಂದ ಬೇರಿಂಗ್‌ಗೆ, ಬುಷ್‌ಗೆ. ಚೆಂದ ಕಾಣುತ್ತದೆ, ಒಪ್ಪುತ್ತೇನೆ. ಸಿದ್ದಾಪುರದ ಕಡೆಯಿಂದ ಬಾಗಿದ ಅಲಾಯ್ ಹೊತ್ತು ಬರುವವರನ್ನು ಕಂಡು ಕಂಡು ನನಗೆ ಆ ಚೆಂದ ಸಾಕಾಗಿದೆ.

ಪ್ರಶ್ನೆ: ಹಿಂದಿನಿಂದ ಡಬ್ ಡಬ್ ಶಬ್ದ. ಹಿಂದಿನ ಶಾಕ್ ಬದಲಾಯಿಸಿದೆ, ಅದರ ಬುಷ್ ಬದಲಾಯಿಸಿದೆ, ಹೋಗಲಿಲ್ಲ. ಮತ್ತೆ, ಸಸ್ಪೆನ್ಷನ್ ಕೆಲಸ ಮಳೆಗಾಲಕ್ಕೆ ಮೊದಲು ಮಾಡಿಸಬೇಕಾ, ಆಮೇಲಾ?
– ನಾಪೋಕ್ಲು

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರ. ಎರಡು ಸಲ ನೋಡಿಸಿ, ಬೇರೆ ಬೇರೆ ಕಾರಣಕ್ಕೆ. ಮೇ ತಿಂಗಳಲ್ಲಿ ಜೀವಕ್ಕೆ ಸಂಬಂಧಪಟ್ಟದ್ದು: ಬಾಲ್ ಜಾಯಿಂಟ್, ಟೈ ರಾಡ್, ಬ್ರೇಕ್, ಟಯರ್. ಜೊತೆಗೆ ರಬ್ಬರ್ ಬೂಟ್‌ಗಳು, ಅಂದರೆ ಜಾಯಿಂಟ್‌ಗಳ ಮೇಲಿನ ಮುಚ್ಚಿಗೆಗಳು, ಹರಿದಿವೆಯಾ ಎಂದು. ಹರಿದ ಬೂಟ್ ಆಗಲೇ ಬದಲಾಯಿಸಿದರೆ ಚಿಲ್ಲರೆ ಹಣ, ಜೂನ್ ಕೆಸರು ಒಳಗೆ ಹೋದ ಮೇಲೆ ಇಡೀ ಜಾಯಿಂಟ್. ಶಬ್ದ, ಬುಷ್, ಶಾಕ್, ಅಲೈನ್‌ಮೆಂಟ್ ಎಲ್ಲ ಅಕ್ಟೋಬರ್ ಕೊನೆಗೆ, ಗುಂಡಿಗಳಿಗೆ ಅಷ್ಟಿಷ್ಟು ತೇಪೆ ಬಿದ್ದ ಮೇಲೆ. ಆಗಸ್ಟಿನಲ್ಲಿ ಬರಬೇಡಿ. ಕಾರಿನ ಕೆಳಗೆ ಮಲಗಿದರೆ ಇಂಬಳ ನನ್ನನ್ನು ತಿನ್ನುತ್ತದೆ. ಮಳೆ ಬಿಟ್ಟ ಮೇಲೆ ಅಡಿಯ ಕೆಸರನ್ನು ಮಾಮೂಲಿ ಪೈಪಿನ ನೀರಲ್ಲಿ ತೊಳೆಯಿರಿ. ಪ್ರೆಷರ್ ಗನ್ನನ್ನು ಬೂಟ್, ಬೇರಿಂಗ್ ಮೇಲೆ ನೇರ ಹಿಡಿಯಬೇಡಿ, ಕೆಸರು ಹೊರಗೆ ಹೋಗುವ ಬದಲು ಒಳಗೆ ಹೋಗುತ್ತದೆ.

ಇನ್ನು ಡಬ್ ಡಬ್. ಹೋದ ವರ್ಷ ಇದೇ ದೂರು ಹೊತ್ತ ಕಾರೊಂದನ್ನು ನಾನೂ ನಮ್ಮ ಹುಡುಗನೂ ಅರ್ಧ ದಿನ ಮೀಟಿ, ಎಳೆದು, ಗುದ್ದಿ ನೋಡಿದೆವು. ಹಿಂದಿನ ಆಕ್ಸಲ್‌ನ ಬುಷ್ ಚೆನ್ನಾಗಿತ್ತು, ಶಾಕ್ ಚೆನ್ನಾಗಿತ್ತು, ಸ್ಪ್ರಿಂಗ್ ಚೆನ್ನಾಗಿತ್ತು. ಸಂಜೆ ಹುಡುಗ ಸುಮ್ನೆ ಡಿಕ್ಕಿಯ ಚಾಪೆ ಎತ್ತಿದ. ಸ್ಟೆಪ್ನಿಯ ನಟ್ ಸಡಿಲ. ಅದರ ಪಕ್ಕ ಜಾಕಿ ಒಂದು ಕಡೆ, ಅದರ ಹಿಡಿ ಇನ್ನೊಂದು ಕಡೆ, ನಡುವೆ ಒಂದು ಕಿಲೋದ ತೂಕದ ಕಲ್ಲು. ಕರಿಮೆಣಸು ಮಾರಲು ಹೋದಾಗ ಇಟ್ಟದ್ದಂತೆ.

ನೀವೂ ಒಮ್ಮೆ ಡಿಕ್ಕಿ ಪೂರ್ತಿ ಖಾಲಿ ಮಾಡಿ, ಸ್ಟೆಪ್ನಿ ಬಿಗಿ ಮಾಡಿ, ಹಿಂದಿನ ಸೀಟಿನ ಕೊಂಡಿ ಸರಿಯಾಗಿ ಸಿಕ್ಕಿಸಿ, ನಾಪೋಕ್ಲುವಿನಿಂದ ಮೂರ್ನಾಡಿನವರೆಗೆ ಹೋಗಿ ಬನ್ನಿ. ಶಬ್ದ ಇನ್ನೂ ಇದ್ದರೆ ಗ್ಯಾರೇಜಿಗೆ ತನ್ನಿ. ಭಾನುವಾರ ರಜೆ.